ನೆಗಡಿ, ನೀಲಗಿರಿ ಎಣ್ಣೆ ಮತ್ತು ಒಂದು ಬಕೆಟ್ ಬಿಸಿನೀರು

ಸಿಟ್ಟು ಮಾಡಿಕೊಂಡು ಮನೆಯಿಂದ ಹೊರಟ ದಿನವೇ ನನಗೆ ನಗು ಬರಿಸುವ ಸಂಗತಿಗಳು ಎದುರಾಗುತ್ತವೆ. ಮೊದಲಿನಿಂದಲೂ ಹೀಗೇ. ನಗಬಾರದು ಅಂತ ಹಲ್ಲು ಕಚ್ಚಿ ನಿಂತಿರುತ್ತೇನೆ, ಯಾರೋ ಒಬ್ಬರು ಒಂದು ಮಾತು ಆಡಿ ನನ್ನ ಸಿಟ್ಟಿನ ಗಾಳಿ ತೆಗೆದುಬಿಡುತ್ತಾರೆ.

ನಾನು ಬ್ಲೌಸ್ ಹೊಲಿಯುವವಳು. ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ನನ್ನ ಮಿಷನ್ನು ಇದೆ. ಹೊಲಿಗೆ ಬಿಟ್ಟರೆ ನನಗೆ ಬರುವ ಇನ್ನೊಂದು ಕೆಲಸ ಅಂದರೆ ಸರ್ಕಾರಿ ಕಚೇರಿಗಳ ಮುಂದೆ ನಿಂತು ಕೇಳುವುದು. ನೀರು ಯಾಕೆ ಬಿಟ್ಟಿಲ್ಲ, ರೇಷನ್ ಯಾಕೆ ಕಡಿಮೆ, ಹೆಣ್ಣುಮಕ್ಕಳು ಕೈ ಮಾಡಿದರೆ ಬಸ್ಸು ಯಾಕೆ ನಿಲ್ಲಲಿಲ್ಲ. ಉತ್ತರ ಬಾರದಿದ್ದರೆ ಧಿಕ್ಕಾರ ಕೂಗುತ್ತೇನೆ. ಜನ ನನಗೆ ಧಿಕ್ಕಾರದಕ್ಕ ಅಂತಲೇ ಹೆಸರಿಟ್ಟಿದ್ದಾರೆ. ಏಳನೇ ಕ್ಲಾಸಿಗೆ ನನ್ನ ಶಾಲೆ ಬಿಡಿಸಿದರು. ಆಮೇಲೆ ನಾನು ಓದಿದ್ದೆಲ್ಲ ಗಿರಾಕಿಗಳು ಬಟ್ಟೆ ಸುತ್ತಿ ತರುವ ಹಳೇ ಪೇಪರಿನಲ್ಲಿ. ಅರ್ಧ ಸುದ್ದಿ ಓದುವಷ್ಟರಲ್ಲಿ ಪೇಪರು ಹರಿದಿರುತ್ತದೆ. ಉಳಿದರ್ಧ ತಿಳಿಯಬೇಕಾದರೆ ಕಚೇರಿಗೇ ಹೋಗಿ ಕೇಳಬೇಕು. ನಾನು ಹೋರಾಟಗಾರ್ತಿ ಆದದ್ದು ಹೀಗೆ, ಬೇರೆ ದೊಡ್ಡ ಕಾರಣ ಏನೂ ಇಲ್ಲ.

ಈಗ ಹೇಳುವುದು ಒಂದು ಮಾಗಿ ಚಳಿಯ ಮಾತು. ಒಬ್ಬ ಹುಡುಗಿಯ ನೆಗಡಿಯ ಮಾತು. ನೆಗಡಿ ಅಂದರೆ ಎಲ್ಲರೂ ಹಗುರ ಮಾಡುತ್ತಾರೆ. ಆ ನೆಗಡಿಗೆ ಒಂದು ಹುಡುಗಿಯ ಓದು ಹೋಗುವುದರಲ್ಲಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಯಾವ ಊರು ಅಂತ ಕೇಳಬೇಡಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದರಲ್ಲಿ ಒಂದು ಕಡೆ ಹೆಣ್ಣುಮಕ್ಕಳ ಹಾಸ್ಟೆಲ್ಲು. ಯಾವ ಊರು ಅಂತ ಹೇಳುವುದಿಲ್ಲ. ಹೇಳಿದರೆ ಉಳಿದ ನಾಲ್ಕು ಊರಿನವರು ನಮ್ಮದಲ್ಲವಲ್ಲ ಅಂತ ಸಮಾಧಾನವಾಗಿ ಮಲಗಿಬಿಡುತ್ತಾರೆ.

ಆ ಹಾಸ್ಟೆಲ್ಲಿನಲ್ಲಿ ಸ್ನಾನಕ್ಕೆ ಬಿಸಿನೀರಿರಲಿಲ್ಲ. ಬೋರಿನ ನೀರು ಮೇಲೆ ಬಂದಾಗ ಬೆಚ್ಚಗೇ ಇರುತ್ತದೆ, ಆದರೆ ಕರೆಂಟು ಸಂಜೆ ಬರುತ್ತದೆ, ಹುಡುಗಿಯರು ಸ್ನಾನ ಮಾಡುವುದು ಬೆಳಗಾಗುವ ಮುಂಚೆ. ಇಡೀ ಇರುಳು ಮಾಳಿಗೆಯ ಟ್ಯಾಂಕಿನಲ್ಲಿ ಕೂತ ನೀರು ಮೈ ಮೇಲೆ ಬಿದ್ದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಮಾಗಿಯಲ್ಲಿ ಓದುವ ಕೋಣೆಗೆ ಹೋದರೆ ಪಾಠದ ದನಿಗಿಂತ ಮೂಗೇರಿಸುವ ದನಿಯೇ ಜೋರು.

ಅದರಲ್ಲಿ ಒಬ್ಬಳು ಹತ್ತನೇ ಕ್ಲಾಸಿನವಳು. ಕುರಿ ಸಾಕುವ ಮನೆಯ ಹುಡುಗಿ. ಲೆಕ್ಕದಲ್ಲಿ ಬಲು ಚುರುಕು. ದಸರೆ ಮುಗಿದಾಗ ಹತ್ತಿದ ನೆಗಡಿ ಅವಳಿಗೆ ಬಿಟ್ಟೇ ಇರಲಿಲ್ಲ. ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಬರುತ್ತಿತ್ತು. ಅವಳ ತಾಯಿ ಹೇಳಿ ಕಳಿಸಿದ್ದಳು: ಹಿಂಗೇ ಆದರೆ ಪರೀಕ್ಷೆಯೂ ಬೇಡ ಏನೂ ಬೇಡ, ಬಂದು ಕರಕೊಂಡು ಹೋಗುತ್ತೇನೆ ಅಂತ. ಪುಸ್ತಕ ಮುಚ್ಚಿ ಟ್ರಂಕು ಹೊತ್ತು ಊರಿಗೆ ಹೋದ ಹುಡುಗಿ ಮರಳಿ ಬಂದದ್ದನ್ನು ನಾನು ಕಂಡಿಲ್ಲ. ನಾನೇ ಮರಳಿಲ್ಲ.

ಒಂದು ಸಲ ಬಸ್ಸಿನಲ್ಲಿ ಪಕ್ಕದವಳ ಹತ್ತಿರ ಇದನ್ನು ಹೇಳಿಕೊಳ್ಳುತ್ತಿದ್ದೆ. ಮುಂದಿನ ಸೀಟಿನ ಹಿರಿಯರು ತಿರುಗಿ, "ನೀವು ಹೇಳಾದು ನಮ್ಮ ಹರಪನಹಳ್ಳೀದು ಅಲ್ವೇನ್ರಿ?" ಅಂದರು. ಹಿಂದಿನಿಂದ ಒಬ್ಬ, "ಏ, ಅದು ಕೂಡ್ಲಿಗೀದು ಬಿಡ್ರಿ, ನಮ್ಮ ತಂಗಿ ಅಲ್ಲೇ ಅದಾಳ," ಅಂದ. ಬಾಗಿಲ ಹತ್ತಿರ ನಿಂತವಳು ಹಡಗಲಿಯದು ಅಂತ ಹಟ ಹಿಡಿದಳು. ಮೂವರಿಗೂ ಜಗಳವೇ ಹತ್ತಿತು. ತಮ್ಮ ಊರಿಗೇ ಈ ಮಾನ ಬರಬೇಕು ಅಂತ.

ಕಂಡಕ್ಟರು ಬಂದು ನಡುವೆ ನಿಂತ. "ಬಿಸಿನೀರು ಎಲ್ಲೈತಿ ಅಂತ ಜಗಳಾಡಿದ್ರ ನಾನೂ ಇಳದು ನಿಮ್ ಜೊತಿ ಬರ್ತಿದ್ದೆ. ಇಲ್ಲದ್ದಕ್ಕ ಯಾಕ ಹೊಡದಾಡ್ತೀರಿ, ಟಿಕೆಟ್ ತಗೋರಿ."

ಅಡುಗೆಯವಳೇ ಸೂರ್ಯ

ಹಾಸ್ಟೆಲ್ಲಿನಲ್ಲಿ ಬಿಸಿನೀರಿನ ವ್ಯವಸ್ಥೆ ಇಲ್ಲ ಅಂದರೆ ಸುಳ್ಳು ಹೇಳಿದಂತೆ. ಮಾಳಿಗೆಯ ಮೇಲೆ ಸೋಲಾರ್ ಇತ್ತು. ಹೊಳೆಯುವ ಹಲಗೆಗಳು, ಒಂದು ಬಿಳೀ ಡ್ರಮ್ಮು, ಡ್ರಮ್ಮಿನಿಂದ ಅಂಗಳದ ಒಂದು ನಲ್ಲಿಗೆ ಪೈಪು. ಹಲಗೆಯಿಂದ ಡ್ರಮ್ಮಿಗೆ ಮಾತ್ರ ಪೈಪು ಇರಲಿಲ್ಲ. ಆ ಗೇಣುದ್ದದ ಪೈಪು ಬೇರೆ ಟೆಂಡರಿಗೆ ಸೇರಿದ್ದಂತೆ.

ಆದರೂ ಉದ್ಘಾಟನೆ ಆಯಿತು. ನಾನು ಬ್ಲೌಸ್ ಪೀಸಿನ ಚೀಲದಲ್ಲಿ ಕಪ್ಪು ಬಟ್ಟೆ ಅಡಗಿಸಿಕೊಂಡು ಹೋಗಿದ್ದೆ. ನಲ್ಲಿ ತಿರುವಲಿ, ತಣ್ಣೀರು ಬರಲಿ, ಆಗ ತೋರಿಸುತ್ತೇನೆ ಅಂತ ಮುಂದಿನ ಸಾಲಿನಲ್ಲೇ ಕೂತೆ. ಮುಖ್ಯ ಅತಿಥಿಗಳು ಬಂದರು, ಟೇಪು ಕತ್ತರಿಸಿದರು, ನಲ್ಲಿ ತಿರುಗಿಸಿ ಕೆಳಗೆ ಕೈ ಹಿಡಿದರು. ಹಿಡಿದ ಕೈಯನ್ನು ತಟ್ಟನೆ ಹಿಂದೆ ಎಳೆದುಕೊಂಡರು. ನಲ್ಲಿಯಿಂದ ಹೊಗೆಯಾಡುವ ನೀರು ಬರುತ್ತಿತ್ತು.

"ನೋಡಿ, ಸೂರ್ಯನ ಶಕ್ತಿ ಅಂದರೆ ಇದು. ಬಡವರ ಮಕ್ಕಳಿಗೆ ಇನ್ನು ಮೇಲೆ ಕೆಮ್ಮಿಲ್ಲ, ನೆಗಡಿಯಿಲ್ಲ," ಅಂತ ಮೈಕಿನಲ್ಲಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಪ್ಪು ಬಟ್ಟೆ ನನ್ನ ಚೀಲದಲ್ಲೇ ಉಳಿಯಿತು.

ನನಗೆ ತಲೆ ಕೆಟ್ಟಿತು. ಯಾಕೆಂದರೆ ಅವತ್ತು ಮೂಡಗಾಳಿ ಬೀಸಿ ಆಕಾಶದ ತುಂಬ ಮೋಡ. ಬೆಳಗಿನಿಂದ ಸೂರ್ಯನ ಮುಖವನ್ನೇ ಯಾರೂ ನೋಡಿರಲಿಲ್ಲ. ಸಭೆ ಮುಗಿದ ಮೇಲೆ ಅಡುಗೆಮನೆಗೆ ಹೋದೆ. ಅಡುಗೆಯವಳು ಹೊಳಲು ಊರಿನ ಕಡೆಯ ಹಿರಿಯ ಹೆಂಗಸು, ಗೋಡೆಗೆ ಒರಗಿ ಕಾಲು ನೀಡಿ ಕೂತಿದ್ದಳು. ಪಕ್ಕದಲ್ಲಿ ಮಸಿ ಹಿಡಿದ ಎರಡು ಪಾತ್ರೆ, ಒಂದು ಕೊಡ.

"ಯಕ್ಕಾ, ಇವತ್ತು ಸೂರ್ಯನೇ ಇಲ್ಲ, ಬಿಸಿನೀರು ಎಲ್ಲಿಂದ ಬಂತು?" ಅಂದೆ.

"ಯಾಕಿಲ್ಲ ತಂಗಿ, ಇಲ್ಲೇ ಕುಂತೀನಲ್ಲ," ಅಂದಳು. "ಮುಂಜಾನಿಂದ ಕುದಿಯೋ ನೀರು ಹೊತ್ತು ಮಾಳಿಗಿ ಹತ್ತಿ ಹತ್ತಿ ಡ್ರಮ್ಮಿಗೆ ಸುರುವೀನಿ. ಇವತ್ತಿನ ಸೂರ್ಯ ನಾನ. ಈಗ ಒಂಚೂರು ಮುಳುಗಾಕ ಬಿಡು, ಮೊಣಕಾಲು ಹಿಡಕಂಡಾವು."

ಟಬ್ಬು ಎಂದರೆ ಯಾವುದು

ಹುಡುಗಿಯರು ಶೀತ ಅಂತ ಶಾಲೆ ತಪ್ಪಿಸುತ್ತಿದ್ದಾರೆ ಅಂತ ನಾನು ಮೂರು ಕಡೆ ಮನವಿ ಕೊಟ್ಟೆ. ಅದರ ಫಲವಾಗಿ ಬಿಸಿನೀರು ಬರಲಿಲ್ಲ, ಒಬ್ಬ ಮೇಡಂ ಬಂದರು. ಆರೋಗ್ಯದ ಅರಿವು ಮೂಡಿಸುವವರಂತೆ. ಹುಡುಗಿಯರಿಗೆ ಇಲ್ಲದ್ದು ಅರಿವು ಅಂತ ಯಾರು ಇವರಿಗೆ ಹೇಳಿದರೋ.

ಮೇಡಂ ಒಳ್ಳೆಯವರು. ಹುಡುಗಿಯರ ನಡುವೆಯೇ ಚಾಪೆಯ ಮೇಲೆ ಕೂತರು. ಚೀಲದಿಂದ ಸಣ್ಣ ಸಣ್ಣ ಸೀಸೆಗಳನ್ನು ತೆಗೆದು ಸಾಲಾಗಿ ಇಟ್ಟರು. ನೀಲಗಿರಿ ಎಣ್ಣೆ, ಪುದೀನದ ಎಣ್ಣೆ, ಲ್ಯಾವೆಂಡರ್ ಅನ್ನುವ ಯಾವುದೋ ಹೂವಿನ ಎಣ್ಣೆ. ಒಂದೊಂದರ ಬಿರಡೆ ತೆಗೆದು ಎಲ್ಲರಿಗೂ ಮೂಸಲು ಕೊಟ್ಟರು. ಮೂಗು ಕಟ್ಟಿದ ಹುಡುಗಿಯರು ಮರ್ಯಾದೆಗೆ ಮೂಸಿ, ತಲೆಯಾಡಿಸಿ, ಮುಂದಕ್ಕೆ ದಾಟಿಸಿದರು.

"ನೆಗಡಿಯಾದಾಗ ಬೆಚ್ಚಗಿನ ನೀರಿನ ಸ್ನಾನಕ್ಕಿಂತ ಒಳ್ಳೆಯದು ಯಾವುದೂ ಇಲ್ಲ," ಅಂತ ಮೇಡಂ ಶುರು ಮಾಡಿದರು. "ಮೊದಲು ಟಬ್ಬಿನಲ್ಲಿ ಬೆಚ್ಚಗಿನ ನೀರು ತುಂಬಿಸಿ. ತೀರಾ ಸುಡಬಾರದು. ಈ ಎಣ್ಣೆಯನ್ನು ಹಾಗೇ ಮೈಗೆ ಹಚ್ಚಬಾರದು, ಕುಡಿಯಲೇಬಾರದು. ಕೊಬ್ಬರಿ ಎಣ್ಣೆಯಲ್ಲಿ ನಾಲ್ಕು ಹನಿ ಬೆರೆಸಿ ನೀರಿಗೆ ಬಿಡಿ. ದೀಪ ಸಣ್ಣಗೆ ಮಾಡಿ. ಆಮೇಲೆ ಅದರೊಳಗೆ ಕಣ್ಣು ಮುಚ್ಚಿ, ಕುತ್ತಿಗೆಯ ತನಕ ಮಲಗಿ. ಮನಸ್ಸಿನಲ್ಲಿ ಯಾವ ಯೋಚನೆಯೂ ಇರಬಾರದು."

ಹುಡುಗಿಯರು ಪರೀಕ್ಷೆಗೆ ಬರುತ್ತದೆ ಅನ್ನುವ ಹಾಗೆ ಬರೆದುಕೊಂಡರು. ಬಾಗಿಲಲ್ಲಿ ನಿಂತಿದ್ದ ಅಡುಗೆಯವಳು ಸೆರಗು ಬಾಯಿಗೆ ಹಿಡಿದುಕೊಂಡು ನನ್ನ ಕಿವಿಯಲ್ಲಿ ಹೇಳಿದಳು: "ನೀರಾಗ ಹಂಗ ಆರಾಮ ಮಲಗಿದ್ದು ನಮ್ಮೂರ ಗುಡ್ಯಾಗಿನ ಅನಂತಶಯನ ಒಬ್ನ ನೋಡು ತಂಗಿ. ಅವಗೂ ಕಾಲು ಒತ್ತಾಕ ಹೆಂಡ್ತಿ ಅದಾಳ."

ಆಗ ನಮ್ಮ ಲೆಕ್ಕದ ಹುಡುಗಿ ಕೈ ಎತ್ತಿದಳು. ಮೂಗಿನಲ್ಲಿ ಮಾತಾಡಿದಳು. "ಮೇಡಂ, ಟಬ್ಬು ಅಂದ್ರ ಹೆಂಗಿರತೈತ್ರಿ?"

ಮೇಡಂ ಎರಡೂ ಕೈ ಅಗಲಿಸಿ ತೋರಿಸಿದರು. "ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಆಳ. ನೆಲದಲ್ಲಿ ಕಟ್ಟಿರುತ್ತಾರೆ. ಒಳಗೆ ಇಳಿಯುವುದು, ಮದ್ದು ಬೆರೆಸಿದ ನೀರಿನಲ್ಲಿ ಕುತ್ತಿಗೆ ತನಕ ಮುಳುಗುವುದು, ಆ ಕಡೆಯಿಂದ ಎದ್ದು ಬರುವುದು."

ಹುಡುಗಿಯ ಮುಖ ಅರಳಿತು. "ಗೊತ್ತಾತ್ರಿ ಮೇಡಂ, ನಮ್ಮೂರಾಗ ಐತಿ," ಅಂದಳು.

"ಹೌದಾ? ಹಳ್ಳಿಯಲ್ಲಿ? ಯಾರ ಮನೆಯಲ್ಲಿ?"

"ಯಾರ ಮನ್ಯಾಗೂ ಇಲ್ರಿ. ಊರ ಹೊರಗ ಕುರಿಗೆ ಕಟ್ಟ್ಯಾರ. ಉಣ್ಣಿ ಹತ್ತಬಾರದು ಅಂತ ವರ್ಷಕ್ಕ ಎರಡು ಸಲ ಮದ್ದಿನ ನೀರಾಗ ಅದ್ದತಾರ."

ಮೇಡಂ ಸೀಸೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡರು. ಹೋಗುವಾಗ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು, "ಆ ಹುಡುಗಿ ನನ್ನನ್ನು ಆಡಿಕೊಂಡಳಾ?"

"ಇಲ್ಲ ಮೇಡಂ," ಅಂದೆ. "ಅವರ ಮನೆಯಲ್ಲಿ ಕುರಿಗೆ ಬಹಳ ಬೆಲೆ."

ಸ್ಟಾಕ್ ಇಲ್ಲ

ಹಾಸ್ಟೆಲ್ಲು ನೋಡಿಕೊಳ್ಳುವ ಸಾಹೇಬರು ಆ ಕಡೆ ಮೈಸೂರು ಸೀಮೆಯಿಂದ ವರ್ಗವಾಗಿ ಬಂದವರು. ದನಿ ಎತ್ತುವವರಲ್ಲ. ದನಿ ಎತ್ತದ ಅಧಿಕಾರಿಯ ಹತ್ತಿರ ನನ್ನ ಅರ್ಧ ಶಕ್ತಿ ಹೋಗಿಬಿಡುತ್ತದೆ.

"ನೋಡಿಯಮ್ಮ," ಅಂದರು, "ನೆಗಡಿ ಬರೋದು ತಣ್ಣೀರಿನಿಂದ ಅಲ್ಲ. ಅದೇನೋ ವೈರಸ್ಸಿನಿಂದ. ಬಿಸಿನೀರು ಕೊಟ್ಟರೆ ನೆಗಡಿ ವಾಸಿಯಾಗುತ್ತೆ ಅಂತ ಡಾಕ್ಟರು ಬರೆದು ಕೊಡಲಿ, ನೋಡೋಣ. ನೀವು ಡಾಕ್ಟರಲ್ಲ."

ಬೇರೆಯವರಾಗಿದ್ದರೆ ಮನೆಗೆ ಹೋಗುತ್ತಿದ್ದರು. ನಾನು ಆ ಹುಡುಗಿಯನ್ನು ಕರೆದುಕೊಂಡು ಸೀದಾ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಹುಡುಗಿಯ ಬೆನ್ನಿಗೆ ಕೊಳವೆ ಇಟ್ಟು ಕೇಳಿದಳು, ಗಂಟಲು ನೋಡಿದಳು.

"ಎದಿ ಸ್ವಚ್ಛ ಐತಿ. ಇದು ಬರೇ ನೆಗಡಿ," ಅಂದಳು. "ನೆಗಡಿಗೆ ಅಂತ ಮಾತ್ರಿ ಇಲ್ರಿ ಅಕ್ಕಾರ. ತಾನ ಬರತೈತಿ, ತಾನ ಹೋಗತೈತಿ. ಬಿಸಿನೀರು ಅದನ್ನ ಓಡಿಸಾಂಗಿಲ್ಲ. ಆದ್ರ ಮೂಗು ಬಿಡತೈತಿ, ಮೈ ಹಗುರಾಗತೈತಿ, ನಿದ್ದಿ ಹತ್ತತೈತಿ. ಓದೋ ಹುಡುಗಿಗೆ ಇನ್ನೇನು ಬೇಕು?"

"ಇದನ್ನೇ ಬರೆದು ಕೊಡಿ," ಅಂದೆ.

ಡಾಕ್ಟರಮ್ಮ ನನ್ನ ಮುಖ ನೋಡಿದಳು. ಆಮೇಲೆ ಚೀಟಿ ತೆಗೆದುಕೊಂಡು ದುಂಡಗೆ ಬರೆದಳು. ಒಂದು: ಬಿಸಿನೀರಿನ ಸ್ನಾನ, ದಿನಾ ಮುಂಜಾನೆ. ಎರಡು: ಬಿಸಿನೀರಿನ ಹಬೆ, ಸಂಜೆ. ಕೆಳಗೆ ಸಹಿ ಹಾಕಿ ಸೀಲು ಒತ್ತಿದಳು.

ಹೊರಗೆ ಬಂದರೆ ಅಟೆಂಡರು ಚೀಟಿ ಕಸಿದುಕೊಂಡು ಮಾತ್ರೆ ಕೊಡುವ ಕಿಟಕಿಯ ಸಾಲಿಗೆ ನಮ್ಮನ್ನು ತಳ್ಳಿದ. ಅಲ್ಲಿಯ ಪದ್ಧತಿಯೇ ಹಾಗೆ, ಚೀಟಿ ಇದ್ದವರು ಸಾಲಿನಲ್ಲಿ ನಿಲ್ಲಬೇಕು. ನಿಂತೆವು. ನಮ್ಮ ಸರದಿ ಬಂದಾಗ ಒಳಗಿನವನು ತಲೆ ಎತ್ತದೆ ಚೀಟಿ ನೋಡಿ ವಾಪಸು ನೂಕಿದ.

"ಇದು ಸ್ಟಾಕ್ ಇಲ್ಲ. ಹೊರಗ ತಗೋರಿ."

ನನಗೆ ಸಿಟ್ಟು ನೆತ್ತಿಗೇರಿತು. "ಏನು ಬರೆದಿದೆ ಅಂತ ಓದಿದ್ದೀಯೇನಪ್ಪ?" ಅಂದೆ.

ಅವನು ಕನ್ನಡಕ ಸರಿ ಮಾಡಿಕೊಂಡು ಮತ್ತೊಮ್ಮೆ ಓದಿದ. ಯೋಚನೆ ಮಾಡಿದ.

"ಮೊದಲನೇದು ಖರೇನ ಇಲ್ರಿ," ಅಂದ. "ಎರಡನೇದು ಮುಂದಿನ ವಾರ ಬಂದು ವಿಚಾರಸ್ರಿ, ಬಂದಿದ್ರ ಕೊಡ್ತೀನಿ."

ಎಲ್ಲರಿಗೂ ತಲುಪಿದ ಎಣ್ಣೆ

ಚೀಟಿ ತೆಗೆದುಕೊಂಡು ಹೋಗಿ ಸಾಹೇಬರ ಮೇಜಿನ ಮೇಲೆ ಇಟ್ಟೆ. ಅವರು ಓದಿ ತಲೆದೂಗಿದರು. ಬಿಸಿನೀರಿಗೆ ದುಡ್ಡು ಬರಬೇಕಾದರೆ ಮೇಲಿನಿಂದ ಮಂಜೂರಾತಿ ಆಗಬೇಕಂತೆ. ಔಷಧಿಗೆ ಬೇಕಾಗಿಲ್ಲವಂತೆ. ಹಾಗಾಗಿ ಔಷಧಿಯ ಲೆಕ್ಕದಲ್ಲಿ ಒಂದು ಡಬ್ಬಿ ನೀಲಗಿರಿ ಎಣ್ಣೆಯ ಸೀಸೆಗಳನ್ನು ಹಾಸ್ಟೆಲ್ಲಿಗೆ ಕಳಿಸಿಕೊಟ್ಟರು. ಸ್ನಾನದ ನೀರಿನಲ್ಲಿ ಹಾಕಿ ಎಲ್ಲ ಮಕ್ಕಳಿಗೂ ತಲುಪಿಸಬೇಕು ಅಂತ ಫೋನಿನಲ್ಲಿ ಅಪ್ಪಣೆ.

ಹಾಸ್ಟೆಲ್ಲಿನ ವಾರ್ಡನ್ನು ಅಪ್ಪಣೆ ಮೀರುವವಳಲ್ಲ. ಬಕೆಟ್ಟು ಬಕೆಟ್ಟಿಗೆ ಹನಿ ಹಾಕುತ್ತ ಕೂತರೆ ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಆಗುತ್ತದೆ, ನಾಳೆ ದೂರು ಬರುತ್ತದೆ ಅಂತ ಲೆಕ್ಕ ಹಾಕಿದಳು. ಮಾಳಿಗೆ ಹತ್ತಿ ಡಬ್ಬಿಯಲ್ಲಿದ್ದ ಅಷ್ಟೂ ಸೀಸೆಗಳನ್ನು ದೊಡ್ಡ ಟ್ಯಾಂಕಿಗೆ ಸುರುವಿದಳು.

ನೀಲಗಿರಿ ಎಣ್ಣೆ ಬಿಸಿನೀರಿಗೆ ಬಿದ್ದರೆ ಎದೆ ಬಿಡಿಸುತ್ತದೆ. ಮಾಗಿಯ ತಣ್ಣೀರಿಗೆ ಬಿದ್ದರೆ ಚಳಿಗೆ ಇನ್ನೊಂದು ಚಳಿ ಹೊಚ್ಚುತ್ತದೆ. ಮರುದಿನ ಬೆಳಿಗ್ಗೆ ಮೊದಲ ಚೊಂಬು ಸುರಿದುಕೊಂಡ ಹುಡುಗಿಯರು ಮೈಯೆಲ್ಲ ಹಿಮ ಸವರಿದಂತಾಗಿ ಟವೆಲ್ಲು ಸುತ್ತಿಕೊಂಡು ಹೊರಗೆ ಓಡಿ ಬಂದರು. ಅಡುಗೆಯವಳು ಅಕ್ಕಿ ತೊಳೆಯಲು ನೀರು ಹಿಡಿದವಳು ಮೂಗು ಮುಚ್ಚಿಕೊಂಡು ಅಷ್ಟೂ ನೀರು ಚೆಲ್ಲಿದಳು. ಆ ಎಣ್ಣೆ ಹೊಟ್ಟೆಗೆ ಹೋಗಬಾರದು ಅಂತ ಅವಳಿಗೆ ಮೇಡಂ ಹೇಳಿದ್ದು ನೆನಪಿತ್ತು. ಬೀದಿಯ ನಲ್ಲಿಯಿಂದ ಕೊಡ ಹೊತ್ತು ತಂದು ಅನ್ನ ಮಾಡಿದಳು.

ಟ್ಯಾಂಕು ತುಂಬಿ ಹೊರಬೀಳುವ ನೀರು ಪಕ್ಕದ ಮನೆಯ ದನದ ನೀರಿನ ತೊಟ್ಟಿಗೆ ಹೋಗುತ್ತದೆ. ಆ ಮನೆಯ ಯಜಮಾನ ಬಾಗಿಲಿಗೆ ಬಂದು ನಿಂತ. "ನಮ್ಮೆಮ್ಮಿ ನೀರು ಮೂಸಿ ನೋಡಿ ಒಲ್ಲೆ ಅಂತ ಹಿಂದಕ್ಕ ಬಂತು. ಏನು ಹಾಕ್ಯಾರ ಅಂತ ಕೇಳಾಕ ಬಂದೀನಿ," ಅಂದ. ಎಮ್ಮೆಗೆ ಆದ ಅನ್ಯಾಯ ಕೇಳಲು ಆ ಮನೆಯಿಂದ ಒಬ್ಬ ಬಂದ. ಹುಡುಗಿಯರಿಗೆ ಆದದ್ದನ್ನು ಕೇಳಲು ನಾನೊಬ್ಬಳೇ. ಇದನ್ನು ಬರೆಯುವಾಗ ನನಗೆ ಈಗಲೂ ನಗು ಬರುವುದಿಲ್ಲ.

ಅಷ್ಟರಲ್ಲಿ ವಾರ್ಡನ್ನಿಗೆ ಸಾಹೇಬರ ಫೋನು ಬಂತು. ಎಣ್ಣೆ ಎಲ್ಲರಿಗೂ ತಲುಪಿತಾ ಅಂತ ಕೇಳಿದರು.

"ತಲುಪೇತ್ರಿ ಸರ," ಅಂದಳು ವಾರ್ಡನ್ನು, ಎಮ್ಮೆಯ ಯಜಮಾನನ ಮುಖವನ್ನೇ ನೋಡುತ್ತ. "ಹಾಸ್ಟೆಲ್ಲಿಗೆ ಸೇರದವರಿಗೂ ತಲುಪೇತಿ."

ಮೂಗು ಕೊಯ್ಯುವ ಮಾತು

ಇದಾದ ಮೇಲೆ ಲೆಕ್ಕದ ಹುಡುಗಿಗೆ ಜ್ವರವೂ ಸೇರಿಕೊಂಡಿತು. ಸುದ್ದಿ ಹೋದ ಮರುದಿನವೇ ತಾಯಿ ಬಂದಳು. ಎತ್ತರದ ಹೆಂಗಸು, ಹೆಗಲ ಮೇಲೆ ಕರೀ ಕಂಬಳಿ. ಬಂದವಳೇ ಮಗಳ ಹಣೆ ಮುಟ್ಟಿ ನೋಡಿ, ಟ್ರಂಕಿಗೆ ಬಟ್ಟೆ ತುಂಬತೊಡಗಿದಳು.

"ಯವ್ವಾ, ಪರೀಕ್ಷಿ ಹತ್ರ ಬಂದೈತಿ," ಅಂದಳು ಮಗಳು.

"ಪರೀಕ್ಷಿ ಬರೀಬೇಕಂದ್ರ ಮೊದ್ಲು ಜೀವ ಇರಬೇಕು. ನಮ್ಮನ್ಯಾಗ ಹಂಡೆ ತುಂಬ ಬಿಸಿನೀರು ಐತಿ, ನಡಿ."

ನಾನು ಟ್ರಂಕಿನ ಮೇಲೆ ಕೈ ಇಟ್ಟೆ. "ಯಕ್ಕಾ, ಈ ಹುಡುಗಿ ಓದಿದರೆ ನಿನ್ನ ಮನೆತನದಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತುವವಳು ಇವಳೇ. ನೆಗಡಿ ಬಂತು ಅಂತ ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರಾ?"

ತಾಯಿ ಮಗಳ ಕಡೆ ಕೈ ತೋರಿಸಿದಳು. "ಸುರಿಸಿ, ಸೀಟಿ, ಒರಸಿ ಮೂಗು ಎಲ್ಲಿ ಉಳದೈತಿ ತೋರ್ಸು, ಕೊಯ್ಯಾದು ಬಿಡಾದು ಆಮೇಲೆ ನೋಡೋಣು."

ಅವಳ ಸಿಟ್ಟು ನನ್ನ ಸಿಟ್ಟಿಗಿಂತ ದೊಡ್ಡದಾಗಿತ್ತು, ನ್ಯಾಯದ್ದೂ ಆಗಿತ್ತು. ನಾನು ಹುಡುಗಿಯ ಓದು ಉಳಿಸಬೇಕು ಅನ್ನುತ್ತಿದ್ದೆ, ಅವಳು ಹುಡುಗಿಯನ್ನೇ ಉಳಿಸಬೇಕು ಅನ್ನುತ್ತಿದ್ದಳು. ಕೊನೆಗೆ ಕೈ ಮುಗಿದು ಕೇಳಿಕೊಂಡೆ. ಸೋಮವಾರ ಸಾಹೇಬರು ಹಾಸ್ಟೆಲ್ಲಿಗೆ ತಪಾಸಣೆಗೆ ಬರುತ್ತಾರೆ, ಅಲ್ಲಿ ತನಕ ನಿಲ್ಲು. ಅಷ್ಟರಲ್ಲಿ ಬಿಸಿನೀರು ಆಗದಿದ್ದರೆ ಟ್ರಂಕು ನಾನೇ ಹೊತ್ತು ಬಸ್ಸಿಗೆ ಇಡುತ್ತೇನೆ.

ಅವಳು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. "ಸೋಮಾರ ತನಕ," ಅಂದಳು. "ಆದ್ರ ನನ್ ಮಗಳಿಗೆ ಅಲ್ಲಿ ತನಕ ನಿಮ್ಮನ್ಯಾಗ ನೀರು ಕಾಸ್ತೀಯಿಲ್ಲೋ?"

ಕಾಸಿದೆ. ಊರಿಗೆಲ್ಲ ಬಿಸಿನೀರು ಬೇಕು ಅಂತ ಕೂಗುವ ನನ್ನ ಮನೆಯ ಬಚ್ಚಲ ಒಲೆ ಹೊಗೆ ಕಾರಿ, ಆರಿ, ಮತ್ತೆ ಹೊತ್ತಿ, ಅರ್ಧ ಹಂಡೆ ನೀರು ಕಾಯುವಷ್ಟರಲ್ಲಿ ಹೊತ್ತು ಏರಿತ್ತು. ತಾಯಿ ಊದುಗೊಳವೆ ನನ್ನ ಕೈಯಿಂದ ಕಸಿದುಕೊಂಡು ಹೇಳಿದಳು: "ನಿಮ್ಮ ಸಾಹೇಬ ಪಾಪ, ಅವನ ತಪ್ಪೇನಿಲ್ಲ ಬಿಡು. ಇಂಥ ಒಲಿ ಅವನ ಆಫೀಸಿನ್ಯಾಗೂ ಇರಬೇಕು."

ಇನ್ನಾ ಬೆವರು ಬಂದಿಲ್ಲ

ಸೋಮವಾರ ಬೆಳಿಗ್ಗೆ ಹಾಸ್ಟೆಲ್ಲಿನ ಅಂಗಳದಲ್ಲಿ ಧರಣಿ. ಹತ್ತಿರದ ಹಳ್ಳಿಗಳಿಂದ ಹುಡುಗಿಯರ ತಾಯಂದಿರು ಬಂದರು. ಹಂಪಸಾಗರದ ಕಡೆಯಿಂದ ಇಬ್ಬರು ಕಟ್ಟಿಗೆಯ ಹೊರೆ ಸಮೇತ ಬಂದಿದ್ದರು. ಸರ್ಕಾರ ನೀರು ಕಾಸದಿದ್ದರೆ ನಾವೇ ಇಲ್ಲಿ ಕಾಸುತ್ತೇವೆ, ಸಾಹೇಬರು ಕಣ್ಣಾರೆ ನೋಡಲಿ ಅನ್ನುವುದು ನಮ್ಮ ಹಂಚಿಕೆ. ಮೂರು ಕಲ್ಲು ಹೂಡಿ, ದೊಡ್ಡ ಗಡಿಗೆ ಏರಿಸಿ, ನೆಗಡಿಗೆ ಹಬೆ ಹಿಡಿಯುವ ಲಕ್ಕಿ ಸೊಪ್ಪು ಹಾಕಿ ಕುದಿಸಿದೆವು. ಅಂಗಳವೆಲ್ಲ ಸೊಪ್ಪಿನ ಘಾಟು. ಗೋಡೆಯ ಪಕ್ಕದಲ್ಲಿ ಲೆಕ್ಕದ ಹುಡುಗಿ ಟ್ರಂಕಿನ ಮೇಲೆ ಕೂತಿದ್ದಳು. ಮಧ್ಯಾಹ್ನದ ಬಸ್ಸಿಗೆ ಹೋಗುವುದೋ ಬಿಡುವುದೋ ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಸಾಹೇಬರ ಜೀಪು ಬಂತು. ನಾನು ಎದ್ದು ನಿಂತು ಮುಷ್ಟಿ ಎತ್ತಿ, "ಬೇಕೇ ಬೇಕು," ಅಂತ ಕೂಗಿದೆ. ತಾಯಂದಿರು "ಬಿಸಿನೀರು ಬೇಕು" ಅನ್ನಬೇಕು, ಹಾಗೆ ಹೇಳಿಕೊಟ್ಟಿದ್ದೆ. ಅವರು ಬಾಯಿ ತೆರೆಯುವ ಮೊದಲೇ ಸಾಹೇಬರು ಸೀನಿದರು. ಒಂದಲ್ಲ, ಬಿಟ್ಟೂ ಬಿಡದೆ. ಮೂಗು ಕೆಂಪಾಗಿತ್ತು, ಕಣ್ಣಲ್ಲಿ ನೀರು, ಕೈಯಲ್ಲಿ ಒದ್ದೆಯಾದ ಕರ್ಚೀಫು.

ನನ್ನ ಧರಣಿ ಅಲ್ಲಿಗೆ ಕೈ ತಪ್ಪಿತು. "ಅಯ್ಯ ಪಾಪ, ಎಷ್ಟು ದಿನದಿಂದ್ರಿ?" ಅಂದಳು ಒಬ್ಬಳು. "ಮನ್ಯಾಗ ಹೆಣ್ಮಕ್ಳಿಲ್ಲೇನ್ರಿ, ಒಬ್ರ ಇರ್ತೀರೇನು?" ಅಂದಳು ಇನ್ನೊಬ್ಬಳು. ಸಾಹೇಬರು ಮೂಗಿನಲ್ಲೇ ಹೇಳಿದರು, ಬಾಡಿಗೆ ರೂಮು, ಒಬ್ಬರೇ ಇರುವುದು, ಗೀಸರು ಕೆಟ್ಟು ಬಹಳ ದಿನವಾಯಿತು, ಮನೆ ಮಾಲೀಕನಿಗೆ ಎಷ್ಟು ಹೇಳಿದರೂ ಕೇಳುತ್ತಿಲ್ಲ. ತಾಯಂದಿರು ಲೊಚಗುಟ್ಟಿದರು.

"ಇದೇನು ಧರಣಿನಾ ಬಾಣಂತನನಾ?" ಅಂತ ನಾನು ರೇಗಿದೆ. ಯಾರೂ ನನ್ನ ಮಾತು ಕೇಳಲಿಲ್ಲ.

ಲೆಕ್ಕದ ಹುಡುಗಿಯ ತಾಯಿ ಮುಂದೆ ಬಂದಳು. ಅವಳ ಮನೆತನದಲ್ಲಿ ಒಂದು ನಡಾವಳಿ ಇದೆ. ಒಲೆಯ ಮೇಲೆ ಸೊಪ್ಪಿನ ನೀರು ಕುದಿಯುವಾಗ ನೆಗಡಿಯಾದವರು ಎದುರು ಬಂದರೆ, ಹಗೆಯವರಾದರೂ ಸರಿ, ಹಬೆ ಕೊಡದೆ ಕಳಿಸಬಾರದು. ಕಂಬಳಿ ಹೊಚ್ಚಿದವರೇ ಕಂಬಳಿ ತೆಗೆಯಬೇಕು. ಬೆವರು ಬರುವ ತನಕ ತೆಗೆಯಬಾರದು.

"ಕುಂದರ್ರಿ ಸಾಹೇಬ್ರ," ಅಂದಳು. "ನಿಮ್ಮ ಮ್ಯಾಲಿನ ಸಿಟ್ಟು ಬ್ಯಾರೆ, ನೆಗಡಿ ಬ್ಯಾರೆ."

ಸಾಹೇಬರು ಸುತ್ತ ನೋಡಿದರು. ಡ್ರೈವರು ಆಕಾಶ ನೋಡುತ್ತಿದ್ದ. ಅವರು ಬೂಟು ಬಿಚ್ಚಿ, ಮಕ್ಕಳ ಹಾಗೆ ಮಣೆಯ ಮೇಲೆ ಕೂತರು. ತಾಯಿ ಅವರ ಮುಂದೆ ಗಡಿಗೆ ಇಳಿಸಿ, ತನ್ನ ಹೆಗಲ ಮೇಲಿನ ಕಂಬಳಿಯನ್ನು ಇಬ್ಬರಿಗೂ, ಅಂದರೆ ಗಡಿಗೆಗೂ ಸಾಹೇಬರಿಗೂ ಸೇರಿಸಿ ಹೊಚ್ಚಿದಳು. ಒಳಗಿನಿಂದ "ಅಬ್ಬಾ, ಎಷ್ಟು ಹಾಯಾಗಿದೆ," ಅಂತ ದನಿ ಬಂತು.

ತಾಯಿ ಕಂಬಳಿಯ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಳು. "ಸಾಹೇಬ್ರ, ಹುಡುಗ್ರಿಗೆ ಬಿಸಿನೀರು ಯಾವಾಗ ಬರತೈತ್ರಿ?"

"ಫೈಲು ಮೇಲೆ ಹೋಗಿದೆಯಮ್ಮ," ಅಂದಿತು ಕಂಬಳಿ.

ಅವಳು ಅಂಚು ಎತ್ತಿ, ಒಳಗೆ ಇಣುಕಿ, ಮತ್ತೆ ಬಿಗಿಯಾಗಿ ಸಿಕ್ಕಿಸಿದಳು. "ಇನ್ನಾ ಬೆವರು ಬಂದಿಲ್ಲ."

ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ, "ಸಾಕು ಅನ್ಸುತ್ತೆ, ಮೂಗು ಬಿಟ್ಟಿತು," ಅಂತ ಕೇಳಿಸಿತು.

"ಮೂಗು ಬಿಡಲಿ, ಬಿಸಿನೀರು ಯಾವಾಗ ಬಿಡ್ತೀರಿ?"

"ಮಾರ್ಚಿ ಕಳೆದ ಮೇಲೆ ಪ್ರಯತ್ನ ಮಾಡೋಣ."

"ಮಾರ್ಚಿಗೆ ನನ್ ಮಗಳ ಪರೀಕ್ಷಿ. ಯವ್ವಾ, ಯಾರಾರ ಇನ್ನೊಂದಿಷ್ಟು ಕುದಿಯೋ ನೀರು ತರ್ರಿ, ಗಡಿಗಿ ಆರೇತಿ. ಸಾಹೇಬ್ರಿಗೆ ಇನ್ನಾ ಬೆವರು ಬಂದಿಲ್ಲ."

ಅಡುಗೆಯವಳು ತಂದು ಸುರಿದಳು. ಕಂಬಳಿಯ ಅಂಚಿನಿಂದ ಹಬೆ ಹೊರಟಿತು. ಕಂಬಳಿ ಸ್ವಲ್ಪ ಅಲುಗಾಡಿತು, ಆಮೇಲೆ ಸುಮ್ಮನಾಯಿತು. ಕಂಬಳಿ ತೆಗೆದು ಎದ್ದು ಬರುವುದೇನೂ ಸಾಹೇಬರಿಗೆ ಕಷ್ಟವಿರಲಿಲ್ಲ. ಆದರೆ ಹೊರಗೆ ಮಾಗಿಯ ಗಾಳಿ, ಒಳಗೆ ತವರಿನ ಬಚ್ಚಲುಮನೆಯಂಥ ಬಿಸಿ. ಆ ಬಿಸಿಯಲ್ಲಿ ಕೂತು ಹೆಣ್ಣುಮಕ್ಕಳಿಗೆ ಅದನ್ನು ಇಲ್ಲ ಅನ್ನಲು ಮನುಷ್ಯನಾದವನಿಗೆ ಎಷ್ಟು ಹೊತ್ತು ಆದೀತು?

"ಆ ಸೋಲಾರಿನ ಪೈಪು ಎಷ್ಟುದ್ದ ಬೇಕು?" ಅಂತ ಒಳಗಿನಿಂದ ಬಂತು.

"ಗೇಣುದ್ದ," ಅಂದೆ ನಾನು.

ಒಂದು ಕೈ ಹೊರಗೆ ಬಂತು. ಡ್ರೈವರು ಓಡಿ ಬಂದು ಅದರಲ್ಲಿ ಫೋನು ಇಟ್ಟ. ಕೈ ಒಳಗೆ ಹೋಯಿತು. ಪೈಪು ಅವತ್ತು ಸಂಜೆಯೇ ಕೂಡಿತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಹುಡುಗಿಯರಿಗೆ ಈಗ ಬಿಸಿನೀರು ಬರುತ್ತದೆ, ಮೋಡ ಕವಿದ ದಿನಕ್ಕೆ ಕಟ್ಟಿಗೆಯ ಬಾಯ್ಲರೂ ಬಂದಿದೆ. ನಾನು ಹೇಳಬೇಕಾದದ್ದು ಅದಲ್ಲ. ಆ ಫೋನಿನ ಮಾತು. ಆ ಕಡೆ ಇದ್ದವನು ಸೋಲಾರ್ ಕೂಡಿಸಿದ ಇಂಜಿನಿಯರು, ಜೋರಾಗಿ ಮಾತಾಡುವವನು, ಅವನ ದನಿ ಅಂಗಳಕ್ಕೆಲ್ಲ ಕೇಳುತ್ತಿತ್ತು.

"ಸರ್, ಎಲ್ಲಿದ್ದೀರಿ? ನಿಮ್ ದನಿ ಬಾವಿ ಒಳಗಿಂದ ಬಂದಂಗ ಬರಾಕತ್ತೈತಿ."

"ಕಂಬಳಿಯೊಳಗಿದ್ದೀನಿ. ಪೈಪು ತಗೊಂಡು ಹಾಸ್ಟೆಲ್ಲಿಗೆ ಬಾ."

"ಸರ್, ಅದು ಬ್ಯಾರೆ ಟೆಂಡರ್..."

"ನೀನು ಇಲ್ಲಿಗೆ ಬಾ ಅಂದೆ. ಬರದಿದ್ದರೆ ನಿನಗೂ ಇಲ್ಲಿ ಜಾಗ ಇದೆ."

ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲೆಕ್ಕದ ಹುಡುಗಿ ಟ್ರಂಕಿನ ಮೇಲಿಂದ ಎದ್ದು ನಿಂತು, ಈಗ ಏನು ಮಾಡಲಿ ಅನ್ನುವ ಹಾಗೆ ತಾಯಿಯ ಕಡೆ ನೋಡಿದಳು. ತಾಯಿ ಕಂಬಳಿಯ ಅಂಚನ್ನು ಮೊಣಕಾಲಿನಿಂದ ಒತ್ತಿ ಹಿಡಿದು, ಮಗಳಿಗೆ ಹೇಳಿದಳು:

"ಟ್ರಂಕು ಒಳಗಿಟ್ಟು ಓದ್ಕ್ಯಾ ಹೋಗು. ಸಾಹೇಬ್ರು ಇನ್ನಾ ಅರ್ಧ ಬೆಂದಾರ, ಇಂಜಿನಿಯರು ಬರಾ ತನಕ ನಾ ಇಲ್ಲೇ ಉರಿ ನೋಡ್ಕಂತೀನಿ."